ದೊಡ್ಡಕ್ಕೋರ ಸಂಶಯ

ಅವರ ಎಡಗೆನ್ನೆಯೊಳಗೆ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಹಲ್ಲುನೋವಿಗೆಂದು ಶುರುವಾದದ್ದು, ನೋವು ಹೋದಮೇಲೂ ಲವಂಗ ಉಳಿದಿತ್ತು. ಪಾಠ ಮಾಡುವಾಗ ಅದನ್ನು ನಾಲಿಗೆಯಿಂದ ಮೆಲ್ಲಗೆ ಹೊರಳಿಸುತ್ತಿದ್ದರು. ಮಕ್ಕಳು ತಪ್ಪು ಉತ್ತರ ಹೇಳಿದರೆ ಲವಂಗ ತನ್ನ ಪಾಡಿಗೆ ಹೊರಳುತ್ತಲೇ ಇರುತ್ತಿತ್ತು. ಯಾರಾದರೂ ತಡವರಿಸದೆ ಥಟ್ಟನೆ ಸರಿಯುತ್ತರ ಹೇಳಿಬಿಟ್ಟರೆ ಮಾತ್ರ ಕೆನ್ನೆಯ ಆ ಸಣ್ಣ ಉಬ್ಬು ನಿಂತುಬಿಡುತ್ತಿತ್ತು. ಕಣ್ಣು ಆ ಮಗುವಿನ ಮೇಲೆ ನೆಡುತ್ತಿತ್ತು. "ಯಾರು ಹೇಳಿಕೊಟ್ರು?" ಎಂದು ಕೇಳುತ್ತಿದ್ದರು.

ತಪ್ಪು ಹೇಳಲು ಹೆದರದ, ಸರಿ ಹೇಳಲು ಹೆದರುವ ಮಕ್ಕಳನ್ನು ನಾನು ನೋಡಿದ್ದು ಅವರ ತರಗತಿಯಲ್ಲೇ.

ರಾಣೆಬೆನ್ನೂರಿನಿಂದ ಹಲಗೇರಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರಿನ ಸರಕಾರಿ ಹೈಸ್ಕೂಲು ಅದು. ನಾನು ಇಂಗ್ಲಿಷ್ ಕಲಿಸಲು ಅಲ್ಲಿಗೆ ಹೋದಾಗ ಅವರು ಅದೇ ಕೆಲಸ ಮಾಡುತ್ತ ಹದಿನೆಂಟು ವರ್ಷವಾಗಿತ್ತು. ನಮ್ಮ ಕಡೆ ಮಕ್ಕಳು ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಇಬ್ಬರು ಇಂಗ್ಲಿಷ್ ಅಕ್ಕೋರು ಆದದ್ದರಿಂದ ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು ಆದೆವು. ಎಂಟನೆಯ ತರಗತಿ ನನಗೆ, ಒಂಬತ್ತನೆಯದು ಅವರಿಗೆ.

ನಾನು ಹಾವೇರಿಯವಳು. ಅಲ್ಲಿಯೇ ನಡೆದ ಹತ್ತು ದಿನದ ತರಬೇತಿ ಮುಗಿಸಿ ನೇರವಾಗಿ ಶಾಲೆಗೆ ಬಂದಿದ್ದೆ. ಅಲ್ಲಿ ಕಲಿತ ಮಾತು ಇಷ್ಟು: ಪಾಠ ಎಷ್ಟು ಮುಗಿಯಿತು ಎಂದು ಕೇಳಬೇಡಿ, ಮಗು ಇಂಗ್ಲಿಷಿನಲ್ಲಿ ಏನು ಮಾಡಬಲ್ಲದು ಎಂದು ಕೇಳಿ. ಅದಕ್ಕೊಂದು ಸಾಮರ್ಥ್ಯಪಟ್ಟಿ ಕೊಟ್ಟಿದ್ದರು. ‘ತನ್ನನ್ನು ಪರಿಚಯಿಸಿಕೊಳ್ಳಬಲ್ಲದು’, ‘ಸರಳ ಸೂಚನೆಯನ್ನು ಓದಿ ಅದರಂತೆ ನಡೆಯಬಲ್ಲದು’ — ಹೀಗೆ ಸಾಲುಗಳು. ಪ್ರತಿ ಮಗುವಿನ ಹೆಸರಿನ ಮುಂದೆ, ಬಂದ ಸಾಮರ್ಥ್ಯಕ್ಕೆ ಟಿಕ್ ಮಾರ್ಕು. ತಿಂಗಳ ಕೊನೆಗೆ ಅದನ್ನೆಲ್ಲ ಮೊಬೈಲಿನಲ್ಲಿ ತುಂಬಬೇಕು. ನನಗೆ ಅದು ಬಹಳ ಹಿಡಿಸಿತ್ತು. ಜುಲೈ ಮುಗಿಯುವುದರೊಳಗೆ ನನ್ನ ಹಾಳೆಯ ಅರ್ಧಕ್ಕಿಂತ ಹೆಚ್ಚು ಮನೆಗಳು ತುಂಬಿದ್ದವು.

ಸ್ಟಾಫ್‌ರೂಮಿನಲ್ಲಿ ದೊಡ್ಡಕ್ಕೋರು ಅದನ್ನು ಕೈಗೆತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ನೀರು ಬೆರೆಸಿದ ಹಾಲು ನೋಡುವಂತೆ ನೋಡಿದರು.

"ಇಷ್ಟೂ ಮಂದಿಗೆ ಪರಿಚಯ ಹೇಳಾಕ ಬರ್ತೈತಿ?"

"ಹೌದ್ರಿ ಅಕ್ಕೋರ. ಒಬ್ಬೊಬ್ಬರನ್ನ ನಿಂದ್ರಿಸಿ ಕೇಳೇನಿ."

"ಬಾಯಿಪಾಠ ಐತೋ, ಬಾಯಿಗೆ ಬಂದೈತೋ?"

ಹಾಳೆಯನ್ನು ಮಡಿಸದೆ ನನ್ನ ಮುಂದಿಟ್ಟು ಅವರು ಹೊರಟುಹೋದರು. ಹೊಸಬಳ ಕೆಲಸ ಕಂಡು ಹಳಬರಿಗೆ ಹೊಟ್ಟೆಯುರಿ ಎಂದುಕೊಂಡೆ.

ಆವತ್ತೇ ಅವರ ಹಾಳೆಯನ್ನೂ ನೋಡಿದೆ. ನೋಡಬಾರದಿತ್ತು, ಮೇಜಿನ ಮೇಲೆ ತೆರೆದೇ ಇತ್ತು, ನೋಡಿದೆ. ಮೂವತ್ತೆಂಟು ಮಕ್ಕಳ ತರಗತಿಯಲ್ಲಿ ನಾಲ್ಕೇ ನಾಲ್ಕು ಟಿಕ್. ಅವೂ ಪೆನ್ಸಿಲಿನವು. ಅವುಗಳಲ್ಲಿ ಒಂದನ್ನು ಅಳಿಸಿದ ಗುರುತೂ ಇತ್ತು. ಇಷ್ಟು ವರ್ಷ ಕಲಿಸಿದವರಿಗೆ ಇಷ್ಟೇ ಫಲವೇ? ಒಂದೋ ಇವರಿಗೆ ಕಲಿಸಲು ಬರುವುದಿಲ್ಲ, ಇಲ್ಲವೇ ಮನಸ್ಸಿಲ್ಲ. ಆ ಸಂಶಯ ನನ್ನ ತಲೆಯಲ್ಲಿ ಅಂದೇ ಕುಳಿತಿತು.

ಸಂಶಯಕ್ಕೆ ಮೇವು ಬೇಗ ಸಿಕ್ಕಿತು. ಆಗಸ್ಟಿನ ಒಂದು ಮಧ್ಯಾಹ್ನ, ಪಾಠದ ಹೊತ್ತಿನಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಯೂನಿಫಾರ್ಮಿನಲ್ಲೇ ಕಿರಾಣಿ ಅಂಗಡಿಯಿಂದ ಬರುತ್ತಿದ್ದಳು. ಎರಡು ಜಡೆ, ನಡಿಗೆಯಲ್ಲಿ ಅವಸರ. ನಾನು ಗೇಟಿನಲ್ಲಿ ತಡೆದೆ.

"ಎಲ್ಲಿ ಹೋಗಿದ್ದಿ?"

"ದೊಡ್ಡಕ್ಕೋರು ಕಳಿಸಿದ್ರಿ ಅಕ್ಕೋರ."

ಮುಷ್ಟಿ ಬಿಚ್ಚಿಸಿದೆ. ಕಾಗದದ ಪೊಟ್ಟಣದಲ್ಲಿ ಲವಂಗ!

ಅದಾದಮೇಲೆ ನಾನು ಕಣ್ಣಿಟ್ಟೆ. ವಾರಕ್ಕೆ ಒಬ್ಬಿಬ್ಬರಾದರೂ ಹೊರಗೆ ಹೋಗುತ್ತಿದ್ದರು. ಒಬ್ಬ ಬ್ಯಾಂಕಿನ ಕಡೆಯಿಂದ ಬಂದ. ಇನ್ನೊಬ್ಬಳು ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದಳು. ಮತ್ತೊಬ್ಬ ಕುಪ್ಪೇಲೂರು ಬಸ್ಸಿನ ಕಂಡಕ್ಟರನ ಹತ್ತಿರ ಏನೋ ಕೇಳುತ್ತಿದ್ದ. ಎಲ್ಲರ ಕೈಯಲ್ಲೂ ಒಂದು ಚೀಟಿ. ನಾನು ಹತ್ತಿರ ಹೋದರೆ ಚೀಟಿಯನ್ನು ಜೇಬಿಗೆ ತುರುಕುತ್ತಿದ್ದರು. ಸರಕಾರದ ಸಂಬಳ, ಮಕ್ಕಳ ಕೈಲಿ ಮನೆಗೆಲಸ. ನನಗೆ ಎಲ್ಲವೂ ಸ್ಪಷ್ಟವಾದಂತೆ ಕಂಡಿತು. ಅವರನ್ನೇ ನೇರವಾಗಿ ಕೇಳಬಹುದಿತ್ತು. ಆ ಚೀಟಿಗಳಲ್ಲಿ ಒಂದನ್ನಾದರೂ ಇಸಿದುಕೊಂಡು ಓದಬಹುದಿತ್ತು. ಎರಡನ್ನೂ ನಾನು ಮಾಡಲಿಲ್ಲ.

ಸೆಪ್ಟೆಂಬರ್ ಕೊನೆಗೆ, ಹಿಂಗಾರಿ ಬಿತ್ತನೆಯ ಗದ್ದಲದಲ್ಲಿ, ಊರಿನ ಬೀಜದ ಅಂಗಡಿಯವನು ಬೈಕು ಹತ್ತಿ ಶಾಲೆಗೇ ಬಂದ. ಅವನ ದನಿ ಹೆಡ್‌ಮಾಸ್ತರರ ಕೋಣೆಯಿಂದ ಅಂಗಳಕ್ಕೂ ಕೇಳುತ್ತಿತ್ತು.

"ಏನ್ ಕಲಸಾಕತ್ತೀರಿ ಹುಡುಗೂರಿಗೆ? ಆ ಎರಡು ಜಡಿ ಹುಡುಗಿ ಅವರಪ್ಪನ ಕೂಡ ಬಂದಿದ್ದಳು. ನಾಕು ಮಂದಿ ಗಿರಾಕಿ ಮುಂದ ನನ್ನ ಕಳ್ಳನ್ನ ಮಾಡಿ ಹೋದಳು!"

ನಡೆದದ್ದು ಇಷ್ಟು. ಅಪ್ಪ ಸೂರ್ಯಕಾಂತಿ ಬೀಜದ ಪೊಟ್ಟಣ ಕೊಳ್ಳುವಾಗ ಹುಡುಗಿ ಅದರ ಹಿಂದಿನ ಇಂಗ್ಲಿಷ್ ಚೀಟಿ ಓದಿದ್ದಳು. "ಅಪ್ಪಾ, ಇದು ಬ್ಯಾಡ. ತಾರೀಖು ದಾಟೈತಿ" ಎಂದಿದ್ದಳು. ಅಂಗಡಿಯವನು ಅದು ಪೊಟ್ಟಣ ಕಟ್ಟಿದ ತಾರೀಖು ಎಂದ. ಹುಡುಗಿ ಬಿಡಲಿಲ್ಲ. "ಇಲ್ರಿ ಕಾಕಾ, ‘ವ್ಯಾಲಿಡ್ ಅಪ್‌ಟು’ ಅಂತ ಐತಿ. ಅಲ್ಲೀತನಕ ಅಷ್ಟ ಅಂತ ಅರ್ಥ." ಪಕ್ಕದಲ್ಲಿದ್ದವರು ತಮ್ಮ ತಮ್ಮ ಪೊಟ್ಟಣ ತಿರುಗಿಸಿ ಅವಳ ಕೈಗೆ ಕೊಟ್ಟಿದ್ದರು.

ದೊಡ್ಡಕ್ಕೋರು ಕೋಣೆಗೆ ಬಂದು ಒಂದೇ ಮಾತು ಕೇಳಿದರು. "ಚೀಟಿ ಮ್ಯಾಲೆ ಏನ್ ಬರದಿತ್ರಿ?"

"ಅದು ಬ್ಯಾರೆ ಮಾತು."

"ಅದ ಮಾತ್ರಿ."

ಅಂಗಡಿಯವನು ಹೋದಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದರು. ಅವರಿಗೆ ದೊಡ್ಡಕ್ಕೋರ ಖಾಲಿ ಹಾಳೆಯ ತಲೆಬೇನೆ ಮೊದಲೇ ಇತ್ತು. ಮೊಬೈಲಿನಲ್ಲಿ ತುಂಬಿದ ಲೆಕ್ಕದಲ್ಲಿ ಸುತ್ತಲ ಶಾಲೆಗಳೆಲ್ಲ ಮೇಲಿದ್ದು, ನಮ್ಮ ಒಂಬತ್ತನೆಯ ತರಗತಿ ಪ್ರತಿ ತಿಂಗಳೂ ಕೆಳಗಿರುತ್ತಿತ್ತು. "ಹುಡುಗೂರು ಪಾಠದ ಹೊತ್ನ್ಯಾಗ ಹೊರಗ ಹೋಗೋದು ನೀವೂ ನೋಡೀರಂತ. ಬರದು ಕೊಡ್ರಿ" ಎಂದರು.

ಬರೆದುಕೊಟ್ಟೆ. ಅದೂ ಇಂಗ್ಲಿಷಿನಲ್ಲಿ, ಒಂದು ಪುಟ. ಶಿಕ್ಷಕಿಯೊಬ್ಬರು ಮಕ್ಕಳನ್ನು ಸ್ವಂತ ಕೆಲಸಕ್ಕೆ ಕಳಿಸುವುದು ‘ಎಲ್ಲರಿಗೂ ತಿಳಿದ ಸಂಗತಿ’ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಆ ಸಾಲು ನನಗೆ ಬಹಳ ಚೆನ್ನಾಗಿ ಕಂಡಿತ್ತು.

ದಸರಾ ರಜೆ ಮುಗಿದ ಮೇಲೆ ರಾಣೆಬೆನ್ನೂರಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಮೊದಲು ನನ್ನ ತರಗತಿಗೆ ಕರೆತಂದರು; ಚೆನ್ನಾಗಿರುವುದನ್ನು ಮೊದಲು ತೋರಿಸುವುದು ಹೆಡ್‌ಮಾಸ್ತರರ ರೂಢಿ. ಅಧಿಕಾರಿ ಹೆಸರು ಕೇಳಿದರು, ವಯಸ್ಸು ಕೇಳಿದರು, ಅಪ್ಪನ ಕೆಲಸ ಕೇಳಿದರು, ಊರು ಕೇಳಿದರು. ಮಕ್ಕಳು ಗಂಟೆ ಹೊಡೆದಂತೆ ಉತ್ತರಿಸಿದರು. ಅಧಿಕಾರಿ ಮೊಬೈಲು ತೆಗೆದು ಫೋಟೊ ಹೊಡೆದುಕೊಂಡರು.

ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕೋರು, "ಸರ, ನಾನೊಂದು ಕೇಳಲೇನ್ರಿ?" ಎಂದರು. ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಮುಂದಿನ ಬೆಂಚಿನ ಹುಡುಗನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ವೇರ್ ಈಸ್ ಯುವರ್ ಬ್ಯಾಗ್?"

ಹುಡುಗ ಎದೆಯುಬ್ಬಿಸಿ ಹೇಳಿದ: "ಮೈ ಫಾದರ್ ಈಸ್ ಎ ಫಾರ್ಮರ್!"

ಅವನ ಚೀಲ ಅವನ ತೊಡೆಯ ಮೇಲೇ ಇತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡಕ್ಕೋರು ನಗಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು, "ಕುಂದ್ರಪ. ನಿನ್ನ ತಪ್ಪಲ್ಲ" ಎಂದರು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು, ಸಿಟ್ಟು ಮಾಡಿಕೊಳ್ಳಲು ನನಗೊಂದು ದಾರಿ ಸಿಗುತ್ತಿತ್ತು.

ಆಮೇಲೆ ಒಂಬತ್ತನೆಯ ತರಗತಿ. ನಾನೂ ಅವರ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅಲ್ಲಿ ಮಕ್ಕಳ ಇಂಗ್ಲಿಷು ತುಂಡುತುಂಡಾಗಿತ್ತು. ಅರ್ಧ ಮಾತು ಹೇಳಿ ನಿಲ್ಲುತ್ತಿದ್ದರು, ಹುಡುಕುತ್ತಿದ್ದರು, ಕೈಯಲ್ಲಿ ತೋರಿಸುತ್ತಿದ್ದರು. ಅಧಿಕಾರಿಯ ಮುಖ ಬಿಗಿಯಾಯಿತು. "ಓದಾಕರ ಬರ್ತೈತೇನು?" ಎಂದು ಕೈಯಲ್ಲಿದ್ದ ಫೈಲು ತೆರೆದು, ಮೇಲಿದ್ದ ಹಾಳೆಯನ್ನೇ ಎರಡು ಜಡೆಯ ಹುಡುಗಿಯ ಕೈಗೆ ಕೊಟ್ಟರು. "ಎರಡು ಸಾಲು ಓದು."

ಅದು ನನ್ನ ಪತ್ರ.

ಗುಟ್ಟಿನ ಹಾಳೆಯನ್ನು ಅವರು ಮಗುವಿನ ಕೈಗೆ ಹೇಗೆ ಕೊಟ್ಟರು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಾರಣ ಒಂದೇ ಇರಬೇಕು. ಹುಡುಗಿ ಅಕ್ಷರ ಕೂಡಿಸಿ ಉಚ್ಚರಿಸಿಯಾಳು, ಅರ್ಥವೇನೂ ಆಗಲಿಕ್ಕಿಲ್ಲ ಎಂದು ಅವರು ನಂಬಿದ್ದರು. ಪಟ್ಟಿಯನ್ನು ಮೇಲಿನಿಂದ ಕಳಿಸುವವರಿಗೇ ಅದರ ಮೇಲೆ ಅಷ್ಟು ನಂಬಿಕೆ!

ಹುಡುಗಿ ತಡೆತಡೆದು ಮೊದಲ ಸಾಲು ಓದಿದಳು. ಎರಡನೆಯದನ್ನು ಗಟ್ಟಿಯಾಗಿ ಓದಲಿಲ್ಲ. ತುಟಿಯಲ್ಲೇ ಓದಿಕೊಂಡಳು. ತಲೆಯೆತ್ತಿ ದೊಡ್ಡಕ್ಕೋರನ್ನು ನೋಡಿದಳು. ಹಾಳೆಯನ್ನು ಅಧಿಕಾರಿಗೆ ಮರಳಿಸಿ ಹೇಳಿದಳು:

"ಸರ್, ದಿಸ್ ಈಸ್ ನಾಟ್ ಟ್ರೂ."

"ಏನು?"

"ಐ ವೆಂಟ್, ಸರ್. ಶಾಪ್, ಬ್ಯಾಂಕ್. ನಾಟ್ ಹರ್ ವರ್ಕ್. ಮೈ ವರ್ಕ್."

ಹುಡುಗಿ ಕಂಪಾಸು ಪೆಟ್ಟಿಗೆಯ ತಳದಿಂದ ಮಡಿಸಿದ ಚೀಟಿಗಳನ್ನು ತೆಗೆದುಕೊಟ್ಟಳು. ದೊಡ್ಡಕ್ಕೋರ ಗುಂಡಗಿನ ಅಕ್ಷರದ ಇಂಗ್ಲಿಷು. ‘ಬ್ಯಾಂಕಿಗೆ ಹೋಗು. ಹಣ ಕಟ್ಟುವ ಚೀಟಿ ಯಾವುದು, ತೆಗೆಯುವ ಚೀಟಿ ಯಾವುದು ನೋಡು. ತೆಗೆಯುವುದನ್ನು ಮಾತ್ರ ತಾ.’ ‘ಔಷಧಿ ಅಂಗಡಿಗೆ ಹೋಗು. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಬರೆದದ್ದನ್ನು ಓದು. ಎಷ್ಟು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಎಂದು ಬರೆದು ತಾ.’ ಒಂದರಲ್ಲಿ ‘ಹತ್ತು ಲವಂಗ ಕೇಳು, ಇಲ್ಲದಿದ್ದರೆ ಯಾವ ದಿನ ಬರುತ್ತದೆ ಎಂದು ಕೇಳಿ ಇಂಗ್ಲಿಷಿನಲ್ಲಿ ಬರೆ’ ಎಂದಿತ್ತು. ಲವಂಗ ಅವರಿಗೇ ಬೇಕಿತ್ತು ಎಂಬುದೂ ಸುಳ್ಳಲ್ಲ.

ಅಧಿಕಾರಿ ಚೀಟಿಗಳನ್ನು ಬಹಳ ಹೊತ್ತು ನೋಡಿದರು. ಹಾಗೆಂದು ಹೊಗಳಿ ಹೋಗಲಿಲ್ಲ. ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಕಳಿಸಬಾರದೆಂದು ದೊಡ್ಡಕ್ಕೋರಿಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂತು. ಉತ್ತರ ಬರೆಯಲೆಂದು ನನ್ನ ಪತ್ರದ ಪ್ರತಿಯನ್ನೂ ಅವರಿಗೆ ಕೊಟ್ಟರು.

ಮರುದಿನ ಅವರು ನನ್ನ ಎದುರಿಗೆ ಬಂದು ಕುಳಿತರು. ಪತ್ರ ಕೈಯಲ್ಲಿತ್ತು. ನಾನು ಅಳಲು ತಯಾರಾಗಿದ್ದೆ, ಜಗಳಕ್ಕೂ ತಯಾರಾಗಿದ್ದೆ.

"ಇಂಗ್ಲಿಷ್ ಚಲೋ ಬರದೀರಿ" ಎಂದರು. "ಆದರ ಈ ‘ವೆಲ್ ನೋನ್’ ಅಂತ ಬರದೀರಲ್ಲ, ಯಾರಿಗೆ ಗೊತ್ತು? ನಿಮಗ ಗೊತ್ತಿತ್ತೇನು?"

"ಇಲ್ರಿ."

"ಮತ್ತ?"

"ಸಂಶಯ ಇತ್ರಿ ಅಕ್ಕೋರ."

"ಸಂಶಯ ಬರೋದು ತಪ್ಪಲ್ಲ. ನಮ್ಮಪ್ಪ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಇದ್ದ. ಚೀಲದ ಬಾಯಾಗಿನ ಕಾಯಿ ನೋಡಿ ಎಂದೂ ದರ ಹೇಳಲಿಲ್ಲ. ಮೊಣಕೈತನಕ ಕೈ ಹಾಕಿ ತಳದ್ದು ತಗೀತಿದ್ದ. ಆಮ್ಯಾಲೆ ಚಲೋ ಇದ್ರ ಚಲೋ ಅಂತಿದ್ದ, ಹಸಿ ಇದ್ರ ಹಸಿ ಅಂತಿದ್ದ. ನೀವು ಕೈ ಹಾಕಲಿಲ್ಲ. ಅಷ್ಟ ನಿಮ್ಮ ತಪ್ಪು."

ನಾನು ಕ್ಷಮೆ ಕೇಳಿದೆ. ಅದನ್ನು ಅವರು ನಂಬಿದಂತೆ ಕಾಣಲಿಲ್ಲ. "ನೋಡೂಣು" ಎಂದರು.

ಅವರು ಸಾಮರ್ಥ್ಯಪಟ್ಟಿಯ ವಿರೋಧಿ ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇಡೀ ತಾಲೂಕಿನಲ್ಲಿ ಆ ಪಟ್ಟಿಯನ್ನು ಅಕ್ಷರಶಃ ನಂಬಿದವರು ಅವರೊಬ್ಬರೇ ಇರಬೇಕು. "‘ಬಲ್ಲದು’ ಅನ್ನೋದು ದೊಡ್ಡ ಮಾತ್ರಿ ಸಣ್ಣಕ್ಕೋರ," ಎನ್ನುತ್ತಿದ್ದರು. "ನಾವು ಎದುರಿಗೆ ಇದ್ದಾಗ ಬರೋದು ಬಲ್ಲದು ಅಲ್ಲ. ನಾವು ಅಲ್ಲಿ ಇಲ್ಲದಾಗ ಬಂದ್ರ ಬಲ್ಲದು." ಅದಕ್ಕೇ ಮಕ್ಕಳನ್ನು ಒಂಟಿಯಾಗಿ ಕಳಿಸುತ್ತಿದ್ದದ್ದು. ಚೀಟಿಯನ್ನು ಯಾರಿಗೂ ತೋರಿಸಿ ಅರ್ಥ ಕೇಳಬಾರದು ಎಂದು ಕಟ್ಟು ಮಾಡಿದ್ದೂ ಅದಕ್ಕೇ. ಅದಕ್ಕೇ ಪೆನ್ಸಿಲು. ಒಂದು ಟಿಕ್ ಹಾಕಿ ಮೂರು ವಾರ ಬಿಟ್ಟು, ಮಗು ಮರೆತಿರುವಾಗ, ಬೇರೆ ಜಾಗದಲ್ಲಿ ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಿದ್ದರು. ಬರದಿದ್ದರೆ ಅಳಿಸುತ್ತಿದ್ದರು. ಅಳಿಸುವಾಗ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಪೂರಾ ಹೋಗಿಲ್ಲವ್ವಾ, ಸ್ವಲ್ಪ ದೂರ ಹೋಗೈತಿ, ಕರಕೊಂಡು ಬರೂಣು" ಎನ್ನುತ್ತಿದ್ದರು.

ಎಚ್ಚರಿಕೆ ಬಂದಮೇಲೆ ಅವರು ಮಕ್ಕಳನ್ನು ಹೊರಗೆ ಕಳಿಸಲಿಲ್ಲ. ಹೊರಗಿನದನ್ನೇ ಒಳಗೆ ತಂದರು. ಕರೆಂಟ್ ಬಿಲ್ಲು, ಗೊಬ್ಬರದ ಚೀಲ, ಖಾಲಿ ಔಷಧಿ ಡಬ್ಬಿ, ಯಾರದೋ ಮನೆಗೆ ಬಂದ ವಿಮೆಯ ಕಾಗದ — ತರಗತಿಯ ಮೂಲೆ ರದ್ದಿ ಅಂಗಡಿಯಂತಾಯಿತು. ನನ್ನ ತರಗತಿಗೂ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದರು. ಅವರು ಕುಳಿತರೆ ನನ್ನ ಬೆನ್ನು ಬೆವರುತ್ತಿತ್ತು. ಬಿಟ್ಟುಬಿಟ್ಟು ಕೇಳುವುದು, ಕ್ರಮ ತಪ್ಪಿಸಿ ಕೇಳುವುದು, ಮಗು ಹುಡುಕುತ್ತಿರುವಾಗ ಬಾಯಿ ಮುಚ್ಚಿಕೊಂಡು ಕಾಯುವುದು — ಇವನ್ನೆಲ್ಲ ಅಲ್ಲೇ ಕಲಿತೆ. ಕಾಯುವುದು ಬಹಳ ಕಷ್ಟದ್ದು. "ತುಟಿ ಕಚ್ಚಿಕೋರಿ, ಹೇಳಿಕೊಡಬ್ಯಾಡ್ರಿ" ಎಂದು ಹಿಂದಿನಿಂದ ಕಣ್ಣಲ್ಲೇ ಹೇಳುತ್ತಿದ್ದರು. ಆ ವರ್ಷದ ಕೊನೆಗೆ ನನ್ನ ಹಾಳೆಯ ಟಿಕ್‌ಗಳು ಅರ್ಧಕ್ಕೆ ಇಳಿದವು. ಹೆಡ್‌ಮಾಸ್ತರರು ಒಂದು ವಾರ ನನ್ನ ಸಂಗಡ ಮಾತಾಡಲಿಲ್ಲ.

ಎರಡು ವರ್ಷದ ಮೇಲೆ ಅವರು ನಿವೃತ್ತರಾಗಿ ಬ್ಯಾಡಗಿಗೆ, ತಮ್ಮನ ಮನೆಗೆ ಹೋದರು. ಮದುವೆಯಾಗಿರಲಿಲ್ಲ. ಏಕೆಂದು ಕೇಳಿದವರಿಗೆ, "ನೋಡಾಕ ಬಂದವರೆಲ್ಲ ಬಾಯಿಪಾಠ ಮಾಡಿದ್ದನ್ನ ಹೇಳತಿದ್ರು" ಎಂದು ನಗುತ್ತಿದ್ದರು. ನಾನು ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ.

ಹೋದ ವರ್ಷ ಮಾಘದಲ್ಲಿ ಅವರ ತಮ್ಮನೇ ಫೋನು ಮಾಡಿದ. ಅಕ್ಕನಿಗೆ ಆರಾಮಿಲ್ಲ, ನಿಮ್ಮನ್ನು ಕೇಳುತ್ತಿದ್ದಾಳೆ ಎಂದ. ನಾನು ಹೋದಾಗ ಬಾಗಿಲಲ್ಲೇ ತಡೆದು ಪಿಸುಗುಟ್ಟಿದ.

"ಅಕ್ಕೋರ, ಹುಬ್ಬಳ್ಳಿಯಾಗ ತೋರಿಸಿಕೊಂಡು ಬಂದೇವ್ರಿ. ಚಲೋ ಸುದ್ದಿ ಇಲ್ಲ. ಆಕಿಗೆ ಹೇಳಿಲ್ಲ. ಗ್ಯಾಸ್ ಆಗೈತಿ ಅಂದೇವಿ. ನೀವೂ ಏನೂ ಅನಬ್ಯಾಡ್ರಿ."

ದೊಡ್ಡಕ್ಕೋರು ಒಳಗಿನ ಕೋಣೆಯ ಮಂಚದ ಮೇಲಿದ್ದರು. ಅರ್ಧ ಇಳಿದುಹೋಗಿದ್ದರು. ಕಣ್ಣಿಗೆ ಪೊರೆ ಬಂದು ಓದುವುದು ನಿಂತಿತ್ತು; ಈ ಕಾಯಿಲೆಯಿಂದ ಕಣ್ಣಿನ ಆಪರೇಶನ್ ಮುಂದೆ ಹೋಗಿತ್ತು. ಶಾಲೆಯ ಸುದ್ದಿ ಕೇಳಿದರು. ಎರಡು ಜಡೆಯ ಹುಡುಗಿ ರಾಣೆಬೆನ್ನೂರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದು ಹೇಳಿದೆ. ಆಮೇಲೆ ದಿಂಬಿನ ಕೆಳಗಿನಿಂದ ಮಡಿಸಿದ ಎರಡು ಹಾಳೆ ತೆಗೆದರು. ತಮ್ಮನ ಕಪಾಟಿನಿಂದ ಅದನ್ನು ಯಾವಾಗ ತೆಗೆದಿಟ್ಟಿದ್ದರೋ. ಆಸ್ಪತ್ರೆಯ ಕಾಗದ.

"ಎಲ್ಲಾರೂ ಬಂದು ಒಂದ ಮಾತು ಹೇಳಾಕತ್ತಾರ, ಸಣ್ಣಕ್ಕೋರ. ಒಂದಕ್ಷರ ಆಚೀಚಿ ಇಲ್ಲ. ನನಗ ಸಂಶಯ ಬಂದೈತಿ. ಓದ್ರಿ."

ಬಾಗಿಲಲ್ಲಿ ತಮ್ಮ ನಿಂತಿದ್ದ. ಬೇಡ ಎಂದು ಕೈ ಆಡಿಸುತ್ತಿದ್ದ. ಅವನ ಕಣ್ಣು ತುಂಬಿತ್ತು. ನನಗೂ ಒಂದು ದಾರಿ ಇತ್ತು. ಅಕ್ಷರ ಕಾಣುವುದಿಲ್ಲ ಎನ್ನಬಹುದಿತ್ತು, ನಾಲ್ಕು ಸಾಲು ಹಾರಿಸಬಹುದಿತ್ತು. ಅವರ ಕಣ್ಣಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ.

ನಾನು ಓದಿದೆ. ಮೇಲಿನ ಹೆಸರು, ವಯಸ್ಸಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಏನೂ ಬಿಡದೆ ಓದಿದೆ. ಯಕೃತ್ತಿನ ಗಡ್ಡೆಯ ಅಳತೆ ಬಂದಾಗಲೂ ನಿಲ್ಲಿಸಲಿಲ್ಲ. ಕೊನೆಗೆ ‘ಪ್ಯಾಲಿಯೇಟಿವ್ ಕೇರ್’ ಎಂದಿತ್ತು.

"ಆ ಮಾತಿನ ಅರ್ಥ ಹೇಳ್ರಿ," ಎಂದರು. "ಕನ್ನಡದಾಗ."

ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

"ಗುಣ ಮಾಡೋದಲ್ರಿ ಅಕ್ಕೋರ," ಎಂದೆ. "ನೋವು ಕಡಿಮಿ ಮಾಡೋದು."

ಅವರು ತಲೆಯಾಡಿಸಿದರು. ಬಾಗಿಲ ಕಡೆ ಮುಖ ತಿರುಗಿಸಿ, "ಬಾರೋ ಒಳಗ. ಅಲ್ಲಿ ನಿಂತು ಯಾಕ ಅಳತಿ? ಇಬ್ಬರಿಗೂ ಚಹಾ ಮಾಡಿಸು" ಎಂದರು. ತಮ್ಮ ಒಳಗೆ ಬಂದು ಅಕ್ಕನ ಕಾಲ ಹತ್ತಿರ ಕುಳಿತ. ನನ್ನ ಕಡೆ ನೋಡಲಿಲ್ಲ. ನಾನು ಹೊರಡುವಾಗ ಬಸ್‌ಸ್ಟ್ಯಾಂಡಿಗೆ ಬಿಡಲೂ ಬರಲಿಲ್ಲ.

ಅದಾಗಿ ಹದಿನೇಳು ದಿನಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ತಮ್ಮನ ಎದುರು ನಿಲ್ಲಲು ನನಗೆ ಹೆದರಿಕೆಯಾಗಿತ್ತು. ಅವನೇ ಹತ್ತಿರ ಬಂದ.

"ಆವತ್ತು ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದಿತ್ರಿ," ಎಂದ. "ಆದರ ನೀವು ಹೋದಮ್ಯಾಲೆ ಆಕಿ ಮುಂದ ಯಾರೂ ಸುಳ್ಳು ಹೇಳೋ ಹಂಗಿರಲಿಲ್ಲ. ಎರಡು ವಾರ ನಾವು ಅಕ್ಕ ತಮ್ಮ ಸಣ್ಣವರಿದ್ದಾಗಿನ ಮಾತೆಲ್ಲ ಆಡಿದ್ವಿ. ಚಲೋ ಆತ್ರಿ ನೀವು ಓದಿದ್ದು."

ಮನೆತುಂಬ ಜನ ಇದ್ದರು. ಬಂದವರಿಗೆಲ್ಲ ಒಂದೊಂದು ಒಳ್ಳೆಯ ಮಾತು ಹೇಳಿ ಕಳಿಸುವ ಹೊತ್ತು ಅದು. ಅವನು ಅದನ್ನು ಮನಸ್ಸಿನಿಂದ ಹೇಳಿದನೋ, ಮರ್ಯಾದೆಗೆ ಹೇಳಿದನೋ ನನಗಿನ್ನೂ ಗೊತ್ತಿಲ್ಲ. ಸಂಶಯ ಹಾಗೇ ಉಳಿದಿದೆ. ಈ ಭಾನುವಾರ ಬ್ಯಾಡಗಿಗೆ ಹೋಗುತ್ತಿದ್ದೇನೆ. ಅವನ ಎದುರಿಗೆ ಕುಳಿತು ಕೇಳಿಯೇ ಬರುತ್ತೇನೆ.